ಎನಿಡ್ ನುಂಗಿಕೊಂಡ ‘ಡಕ್’

ಡಕ್ ಎಂದರೆ ಬಾತುಕೋಳಿ ಎಂಬುದು ಶಾಲೆಯ ಪುಸ್ತಕಕ್ಕೆ ಸಾಕು. ಇಂಗ್ಲೆಂಡಿನ ಇಲ್ಕೆಸ್ಟನ್ನಿನಲ್ಲಿ ಅದು ಪ್ರೀತಿಯ ಮಾತು. ಬಸ್ಸಿನ ಕಂಡಕ್ಟರನೂ ಡಕ್, ಪಾದ್ರಿಯೂ ಡಕ್, ಮಾಂಸದಂಗಡಿಯವನೂ ಡಕ್. ಎನಿಡ್ ಆಲ್ಸಪ್ ಅಂತೂ ಗಂಡ ಸಿರಿಲ್‌ನನ್ನು ಮೂವತ್ತೆಂಟು ವರ್ಷಗಳಲ್ಲಿ ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಮುದ್ದು ಬಂದಾಗಲೂ ಡಕ್, ಸಿಟ್ಟು ಬಂದಾಗಲೂ ಡಕ್. ತನಗೊಂದು ಹೆಸರಿದೆ ಎಂಬುದೇ ಅವನಿಗೆ ಹೆಚ್ಚುಕಡಿಮೆ ಮರೆತುಹೋಗಿತ್ತು.

ಈಗ ಹತ್ತೊಂಬತ್ತು ದಿನಗಳಿಂದ ಅವಳು ಅವನನ್ನು ‘ಸಿರಿಲ್’ ಎನ್ನುತ್ತಿದ್ದಳು.

ತಪ್ಪು ಅವನದೇ. ಮಗಳು ಹಿಲರಿಯನ್ನು ಮದುವೆಯಾಗಲಿರುವ ಹುಡುಗನ ತಾಯಿ ದಕ್ಷಿಣದ ಸರ್ರೆಯಿಂದ ಬಂದಿದ್ದಳು. ಎನಿಡ್ ಹೊಸ ಮೇಜುಬಟ್ಟೆ ಹಾಸಿ, ಹಂದಿಮಾಂಸದ ಪೈ ಕೊಯ್ದಿಟ್ಟು, ಟೀ ಬಗ್ಗಿಸುತ್ತ, “ಇನ್ನೊಂಚೂರು ಹಾಕ್ಲಾ, ಡಕ್?” ಎಂದಳು. ಆಕೆ ಹುಬ್ಬೇರಿಸಿ, ತಾನೇನು ಕೊಳದಲ್ಲಿ ಈಜುವವಳಂತೆ ಕಾಣುತ್ತೇನೆಯೇ ಎಂದು ಕೇಳಿ ನಕ್ಕಳು. ಅವಳು ನಕ್ಕರೆ ನಗಲಿ, ಸಿರಿಲ್ ಕೂಡ ಜೊತೆಗೆ ಹಲ್ಲು ಕಿರಿದ. ಬೀಗಿತ್ತಿಯ ಮುಂದೆ ದೊಡ್ಡಮನುಷ್ಯನಾಗಲು ಹೋದ ಪೆದ್ದ. ಎನಿಡ್‌ಳ ಮುಖ ಕತ್ತಿನವರೆಗೂ ಕೆಂಪಾಯಿತು. ಅಂದಿನಿಂದ ಆ ಪದ ಅವನಿಗಷ್ಟೇ ಅಲ್ಲ, ಯಾರಿಗೂ ಅವಳ ಬಾಯಿಂದ ಬರಲಿಲ್ಲ.

ಸಿರಿಲ್ ಅಡುಗೆಮನೆಗೆ ಬಣ್ಣ ಬಳಿದ. “ತುಂಬಾ ಉಪಕಾರವಾಯ್ತು, ಸಿರಿಲ್,” ಎಂದಳು. ಬೈದಿದ್ದರೂ ಅವನು ಬದುಕಿಕೊಳ್ಳುತ್ತಿದ್ದ. ಪಕ್ಕದ ಮನೆಯ ಮೇವಿಸ್ ಬಂದು, ಅಂಥ ಮಾತನ್ನೆಲ್ಲ ಬಾತುಕೋಳಿ ಬೆನ್ನಿನ ಮೇಲಿನ ನೀರಿನ ಹಾಗೆ ಜಾರಿಸಿಬಿಡಬೇಕು ಎಂದು ಬುದ್ಧಿ ಹೇಳಿದಳು. “ನಾನೀಗ ಬಾತುಕೋಳಿ ಅಲ್ವಲ್ಲ, ಮೇವಿಸ್,” ಎಂದಳು ಎನಿಡ್. ಮೇವಿಸ್‌ಗೆ ತಿಳಿದ ಮೇಲೆ ಇಡೀ ಬೀದಿಗೆ ತಿಳಿದಂತೆಯೇ.

ಶನಿವಾರ ಪಕ್ಕದೂರಿನವರೊಡನೆ ಕ್ರಿಕೆಟ್ ಪಂದ್ಯವಿತ್ತು. ಅರವತ್ತೊಂದರ ಸಿರಿಲ್ ಮೊದಲ ಚೆಂಡಿಗೇ ಬೌಲ್ಡ್ ಆಗಿ, ಕ್ರಿಕೆಟಿಗರು ಡಕ್ ಎನ್ನುವ ಸೊನ್ನೆ ಹೊತ್ತು ವಾಪಸು ಬಂದ. ಸ್ಕೋರು ಬರೆಯುತ್ತಿದ್ದ ಕ್ಲೆಮ್ ತಲೆ ಎತ್ತದೆ, “ಹೋಗ್ಲಿ ಬಿಡೋ, ಇಲ್ಲಾದ್ರೂ ಒಂದು ಡಕ್ ಸಿಕ್ತಲ್ಲ. ಮನೇಲಿ ಸಿಗ್ತಿಲ್ವಂತೆ,” ಎಂದ. ಎಲ್ಲರೂ ನಕ್ಕರು. ತನ್ನನ್ನು ನೋಡಿ ನಕ್ಕರೆ ಹೇಗಿರುತ್ತದೆ ಎಂಬುದು ಸಿರಿಲ್‌ಗೆ ಆಗ ಸರಿಯಾಗಿ ಗೊತ್ತಾಯಿತು.

ಔಟಾದವರೇ ಅಂಪೈರಾಗಿ ನಿಲ್ಲುವುದು ಅಲ್ಲಿಯ ರೂಢಿ. ಬಿಳಿ ಕೋಟು ತೊಟ್ಟು ಅವನು ಲೆಗ್ ಕಡೆ ಹೋಗಿ ನಿಂತ. ಅವನ ಹಿಂದೆ, ಗಡಿಯಾಚೆ, ಚಹಾದ ಮೇಜಿನ ಮೇಲೆ ಎನಿಡ್ ಸ್ಯಾಂಡ್‌ವಿಚ್ ಜೋಡಿಸುತ್ತಿದ್ದಳು. ಅಂಪೈರಾದವನು ಆಟ ನೋಡಬೇಕು. ಇವನು ಬೂಟು ನೋಡುತ್ತ, ಅವಳ ಹತ್ತಿರ ಹೇಗೆ ಮಾತು ತೆಗೆಯಲಿ ಎಂದು ತಲೆಕೆಡಿಸಿಕೊಂಡಿದ್ದ. ಅಷ್ಟರಲ್ಲಿ ಒಬ್ಬ ದಾಂಡಿಗ ಚೆಂಡನ್ನು ಅವನತ್ತಲೇ ಬೀಸಿ ಬಾರಿಸಿದ.

“ಡಕ್!”

ಇಂಗ್ಲಿಷಿನಲ್ಲಿ ಡಕ್ ಎಂದರೆ ಬಗ್ಗು ಎಂದೂ ಆಗುತ್ತದೆ; ಎನಿಡ್ ಅರಚಿದ್ದು ಅದನ್ನೇ. ಚಹಾದ ಮೇಜಿನ ಸುತ್ತ ಇದ್ದವರೆಲ್ಲ ಬಗ್ಗಿದರು. ಸಿರಿಲ್ ಒಬ್ಬ ಮಾತ್ರ ಬಗ್ಗಲಿಲ್ಲ. ಮುಖವರಳಿಸಿ ಹೆಂಡತಿಯತ್ತ ತಿರುಗಿ, “ಏನು ಡಕ್?” ಎಂದ. ಚೆಂಡು ಕಿವಿಯ ಹಿಂದೆ ಬಡಿಯಿತು.

ಕಣ್ಣು ಬಿಟ್ಟಾಗ ಅವನ ತಲೆ ಎನಿಡ್‌ಳ ತೊಡೆಯ ಮೇಲಿತ್ತು. ಅವಳು ಒದ್ದೆ ಬಟ್ಟೆ ಒತ್ತುತ್ತಿದ್ದಳು. ಇದು ಎಷ್ಟು ಬೆರಳು ಎಂದು ಕೇಳಲು ಬಂದ ಕ್ಲೆಮ್‌ನನ್ನು ಆಚೆ ತಳ್ಳಿದಳು.

“ಬಗ್ಗು ಅಂದ್ರೆ ಬಗ್ಗಕ್ಕಾಗಲ್ವಾ ನಿಂಗೆ?”

“ನನ್ನ ಕರೆದೆ ಅಂದ್ಕೊಂಡೆ.”

ಎನಿಡ್ ಬಟ್ಟೆ ಒತ್ತುವುದನ್ನು ನಿಲ್ಲಿಸಿದಳು.

“ಅವತ್ತು ನಾನು ನಗಬಾರದಿತ್ತು,” ಎಂದ ಸಿರಿಲ್. “ನಿನ್ನ ಮಾತಿಗೆ ನಾಚ್ಕೊಂಡೆ. ಆ ಮಾತು ಇಲ್ದೆ ಮನೇಲಿ ಇರಕ್ಕಾಗ್ತಿಲ್ಲ ಕಣೇ.”

ಅವಳು ಮೂಗೊರೆಸಿಕೊಂಡು, “ಇನ್ಮೇಲೆ ಚೆಂಡು ಬಂದ್ರೆ ‘ತಲೆ’ ಅಂತ ಕಿರುಚ್ತೀನಿ. ಇದು ನಿಂಗೇ ಇರ್ಲಿ, ಡಕ್,” ಎಂದಳು.

ಸಿರಿಲ್ ಕಣ್ಣು ಮುಚ್ಚಿಕೊಂಡ. “ಆ ಕಿವಿ ಗುಂಯ್‌ಗುಡ್ತಿದೆ. ಈ ಕಿವೀಲಿ ಇನ್ನೊಂದ್ಸಲ ಹೇಳು.”

ಇಡೀ ಊರು ನೋಡುತ್ತಿರುವಾಗಲೇ ಎನಿಡ್ ಬಗ್ಗಿ ಹೇಳಿದಳು.