ಏಳನೇ ಕೊಕ್ಕೆ

ಡಬ್ಬಿ ಇನ್ನೂ ಬೆಚ್ಚಗಿದೆ, ಮುಚ್ಚಳದ ಮೇಲಿಟ್ಟ ಅಂಗೈ ತೆಗೆಯಲು ಮನಸ್ಸಾಗುತ್ತಿಲ್ಲ, ಅಮ್ಮ ಹೋದ ಮೇಲೆ ನನ್ನ ಊಟ ಬಿಸಿ ಮಾಡಿಕೊಟ್ಟವರು ಯಾರಿದ್ದಾರೆ, ಯಾರೂ ಇಲ್ಲ, ಇಪ್ಪತ್ತೆರಡು ವರ್ಷದಿಂದ ಯಾವ ಕಾರ್ಖಾನೆ ಎಷ್ಟು ಕಲ್ಲಿದ್ದಲು ಸುಟ್ಟಿತು, ಎಷ್ಟು ಇಂಗಾಲ ಗಾಳಿಗೆ ಬಿಟ್ಟಿತು ಎಂದು ತಪಾಸಣೆ ಮಾಡುತ್ತ ಅಲೆಯುವವಳಿಗೆ ಎಲ್ಲ ಕಡೆಯೂ ಇಂಥದೇ ಅತಿಥಿ ಕೋಣೆ, ಒಂದು ಮೇಜು, ಒಂದು ಕುರ್ಚಿ, ಗೋಡೆಗೆ ಮುಖ ಮಾಡಿ ಊಟ — ಕಾರ್ಖಾನೆಯವರದೊಂದು ಲೋಟ ನೀರನ್ನೂ ಮುಟ್ಟಬಾರದು ಎನ್ನುವುದು ನಿಯಮ, ಮುಟ್ಟಿಲ್ಲ, ಆದರೆ ಬಿಸಿ? ಬಿಸಿ ತೆಗೆದುಕೊಳ್ಳಬಾರದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲವಲ್ಲ, ಹಾಗೆಂದೇ ತಾನೆ ಬೆಳಿಗ್ಗೆ ಮೀಸೆ ಮೇಸ್ತ್ರಿ ಕೈ ಚಾಚಿದಾಗ ಡಬ್ಬಿ ಕೊಟ್ಟೆ, ತಣ್ಣಗಿರೋದು ಯಾಕ್ ತಿಂತೀರಾ ಅಕ್ಕ, ನಾವೆಲ್ಲ ಇಲ್ಲೇ ನೇತು ಹಾಕೋದು, ಕೊಡಿ ಇಲ್ಲಿ, ಎಂದು ಕಲ್ಲಿದ್ದಲು ಸಾಗುವ ಬೆಲ್ಟಿನ ಅಡಿಯಿಂದ ಬಿಸಿ ಕೊಳವೆಯ ಪಕ್ಕಕ್ಕೆ ಚಾಚಿದ್ದ ಕಬ್ಬಿಣದ ತೋಳು ತೋರಿಸಿದ, ಆರು ಕೊಕ್ಕೆ, ಆರು ಡಬ್ಬಿ, ಪಕ್ಕದಲ್ಲಿ ಹೊಸ ತಂತಿ ಬಗ್ಗಿಸಿ ಮಾಡಿದ ಏಳನೆಯದು, ಅದಕ್ಕೊಂದು ಬಿಳಿ ಚೀಟಿ ಅಂಟಿಸಿ ಪೆನ್ನಿನಲ್ಲಿ ಅಕ್ಕ ಎಂದು ಬರೆದಿದ್ದರು, ನಕ್ಕುಬಿಟ್ಟೆ, ನಕ್ಕು ಎಷ್ಟು ದಿನವಾಗಿತ್ತೋ.

ನಗುತ್ತಲೇ ತಲೆಯೆತ್ತಿದೆ, ಬೆಲ್ಟಿನ ಕಲ್ಲಿದ್ದಲಿನ ತೂಕ ತೋರಿಸುವ ಮುಳ್ಳು ಇಳಿದಿತ್ತು. ನನ್ನ ಡಬ್ಬಿ ಏರಿದ ಗಳಿಗೆಯಲ್ಲೇ ಇಳಿದಿತ್ತು, ಅವರು ಆಚೆ ಹೋದ ಮೇಲೆ ತೆಗೆದು ನೋಡಿದೆ, ಏರಿತು, ಹಾಕಿದೆ, ಇಳಿಯಿತು — ಆ ತೋಳು ಬೆಲ್ಟಿನ ಮೇಲಿನ ಕಲ್ಲಿದ್ದಲನ್ನು ತೂಗುವ ತಕ್ಕಡಿಯ ಇನ್ನೊಂದು ತುದಿ, ಇಲ್ಲಿ ಭಾರ ಬಿದ್ದರೆ ಅಲ್ಲಿ ಕಲ್ಲಿದ್ದಲು ಹಗುರ, ಒಂದು ಪಾಳಿಯ ಡಬ್ಬಿ ಇಳಿದರೆ ಮುಂದಿನ ಪಾಳಿಯದು ಏರುತ್ತದೆ, ಪಾಪ, ಅವರಿಗೇನು ಗೊತ್ತು, ಊಟ ಬಿಸಿಯಾದರೆ ಸಾಕು. ಮ್ಯಾನೇಜರ್ ಗೋಡೆಯ ಮೇಲಿನ ನಕ್ಷೆಯಲ್ಲಿ ವರ್ಷವರ್ಷ ಇಳಿಯುವ ಗೆರೆ ತೋರಿಸಿ ಉಬ್ಬಿದ್ದೇನು, ನೋಡಿ ಮೇಡಂ, ಜನ ಜಾಸ್ತಿ ಆದ್ರು, ಸಿಮೆಂಟು ಜಾಸ್ತಿ ಆಯ್ತು, ಇಂಗಾಲ ಮಾತ್ರ ಕಮ್ಮಿ, ಬೇರೆಯವ್ರು ಬಂದು ಕಲೀಬೇಕು — ಆಗುತ್ತದೆ ಸ್ವಾಮಿ, ಪಾಳಿಗೆ ಇಬ್ಬರಿದ್ದವರು ನಾಲ್ವರಾದರು, ನಾಲ್ವರು ಆರಾದರು, ಒಬ್ಬೊಬ್ಬರನ್ನು ಕೆಲಸಕ್ಕೆ ತೆಗೆದುಕೊಂಡಾಗಲೂ ಒಂದೊಂದು ಡಬ್ಬಿ, ನಿಮ್ಮ ಪ್ರಗತಿಯೆಲ್ಲ ಆ ಕೊಕ್ಕೆಗಳಲ್ಲಿ ತೂಗಾಡುತ್ತಿದೆ, ಡಬ್ಬಿಗಳನ್ನು ಇಳಿಸಿದರೆ ನೀವು ಇಂಗಾಲದ ಮಿತಿ ದಾಟಿ ಯಾವ ಕಾಲವಾಯಿತೋ.

ನಾಲ್ಕು ಗಂಟೆಗೆ ವರದಿ ಹೋಗಬೇಕು, ಮಿತಿಯೊಳಗಿದ್ದರೆ ಎರಡನೇ ಕುಲುಮೆಗೆ ಅಪ್ಪಣೆ, ಇಲ್ಲದಿದ್ದರೆ ಇಲ್ಲ, ಎರಡ್ನೇ ಕುಲುಮೆ ಬಂದ್ರೆ ನನ್ ಮಗ್ಳಿಗೆ ಲ್ಯಾಬಲ್ಲಿ ಕೆಲ್ಸ ಅಂದಿದಾರೆ ಅಕ್ಕ, ಓದಿ ಮೂರು ವರ್ಷದಿಂದ ಮನೇಲೇ ಕೂತಿದಾಳೆ, ನೀವು ಒಂದ್ ಸೈನ್ ಹಾಕಿದ್ರೆ ಆಯ್ತಲ್ಲ, ಎಂದಿದ್ದ ಮೇಸ್ತ್ರಿ — ಹೌದಪ್ಪ, ಒಂದು ಸೈನ್, ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತದೆ, ನೋಡಿದವಳು ನಾನೊಬ್ಬಳೇ, ಯಾವಾಗಲೂ ನಾನೊಬ್ಬಳೇ, ಆದರೆ ಚಿಮಣಿಯಿಂದ ಹೋದದ್ದು ಹೋಗಿಯಾಗಿದೆ, ಮುಳ್ಳು ಕಮ್ಮಿ ತೋರಿಸಿತೆಂದು ಅದು ವಾಪಸ್ ಬರುವುದಿಲ್ಲ, ಅವನ ಮಗಳೂ ಉಸಿರಾಡುವುದು ಅದನ್ನೇ ತಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ, ಡಬ್ಬಿಗಳ ಭಾರ ಲೆಕ್ಕ ಹಿಡಿದು ನಿಜವಾದ ಅಂಕಿ ಬರೆದೆ, ಮಿತಿ ಮೀರಿದೆ, ಬರೆದಾಯಿತು, ಕಾರಣ ಎನ್ನುವ ಕಡೆ ಉದ್ದೇಶಪೂರ್ವಕವಲ್ಲ ಎಂದು ಎರಡು ಸಲ ಬರೆದೆ, ಇನ್ನು ಪುರಾವೆಗೆ ಬೆಳಿಗ್ಗೆ ತೆಗೆದ ಫೋಟೋ, ಆರು ಕೊಕ್ಕೆ ಮಾತ್ರ ಕಾಣುವಂತೆ ಕತ್ತರಿಸೋಣವೆಂದರೆ ಆಗುವುದಿಲ್ಲ, ಮುಳ್ಳು ಇಳಿದದ್ದಕ್ಕೆ ಸಾಕ್ಷಿ ನನ್ನ ಡಬ್ಬಿಯೇ — ಬಾಗಿಲಾಚೆ ಮೇಸ್ತ್ರಿಯ ಚಪ್ಪಲಿ ಸದ್ದು, ಅಕ್ಕ, ಊಟ ಆಯ್ತಾ, ಬಿಸಿ ಇತ್ತಾ, ಇತ್ತು ಎನ್ನಬೇಕು, ಅಷ್ಟಾದರೂ ಎನ್ನಬೇಕು, ಪರದೆಯ ಮೇಲೆ ಫೋಟೋ, ಕೊಕ್ಕೆ, ಕೊಕ್ಕೆ, ಹೊಸ ತಂತಿಯ ಏಳನೇ ಕೊಕ್ಕೆ, ಬಿಳಿ ಚೀಟಿ, ಅಕ್ಕ