ಕೆಂಚ ಬಾಗುತ್ತಿದ್ದ ಜಾಗ

ಮುಂಗಾಲುಗಳೆರಡನ್ನೂ ಮಣ್ಣಿನ ಮೇಲೆ ಚಾಚಿ, ಎದೆಯನ್ನು ನೆಲಕ್ಕೆ ತಾಗಿಸಿ, ಹಿಂಭಾಗವನ್ನು ಮಾತ್ರ ಎತ್ತಿ ನಿಂತ ಒಂದು ಕೆಂದು ನಾಯಿ. ಆ ಬೀದಿಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ.

ಅದರ ಹೆಸರು ಕೆಂಚ. ನಮ್ಮ ಮನೆಯೆದುರು ಪುರಿ ಹುರಿಯುವ ಭಟ್ಟಿ ಇಟ್ಟುಕೊಂಡಿದ್ದ ಚೌಡಮ್ಮನ ನಾಯಿ. ಪಕ್ಕದ ಟೈಲರ್ ಸಿದ್ದವೀರಪ್ಪನವರು ಒಂದು ಮೇಕೆಮರಿ ಸಾಕಿದ್ದರು. ಯಾವ ಕೆಡುಕು ಯಾವ ದಿಕ್ಕಿನಿಂದ ಬರುತ್ತದೋ ಎಂದು ಕಿಟಕಿಯ ಬಳಿ ಕೂತು ಕಾಯುವುದು ನನ್ನ ಹಳೆಯ ಅಭ್ಯಾಸ. ಹಾಗಾಗಿ ಅವೆರಡರ ಆಟವನ್ನು ನನ್ನಷ್ಟು ನೋಡಿದವರು ಬೇರೆ ಇರಲಿಲ್ಲ. ಕೆಂಚ ಮೊದಲು ಬಾಗುತ್ತಿತ್ತು. ಆಮೇಲೆ ಅಟ್ಟಿಸಿಕೊಂಡು ಹೋಗಿ ಮರಿಯ ಕತ್ತಿಗೆ ಬಾಯಿ ಹಾಕುತ್ತಿತ್ತು. ನಾನು ಕಿಟಕಿಯ ಸರಳು ಹಿಡಿದು ಎದ್ದು ನಿಲ್ಲುತ್ತಿದ್ದೆ. ಅಷ್ಟರಲ್ಲಿ ಹಿಡಿತ ಬಿಟ್ಟು, ದೂರ ಸರಿದು, ಮತ್ತೆ ಬಾಗುತ್ತಿತ್ತು. ಮರಿ ಓಡಿಹೋಗುವ ಬದಲು ತಿರುಗಿ ಬಂದು ಹಣೆಯಿಂದ ಗುದ್ದುತ್ತಿತ್ತು. ಆಗ ಓಡುವ ಸರದಿ ಕೆಂಚನದು.

ಒಂದು ಬೆಳಿಗ್ಗೆ ಮರಿಯ ಕತ್ತಿನಲ್ಲಿ ರಕ್ತ ಕಂಡಿತು. ನಮ್ಮ ಬೀದಿಯ ಜಗಳಗಳು ಬಾವಿಕಟ್ಟೆಯ ಮೇಲೆ ತೀರುತ್ತಿದ್ದವು. ಕಣ್ಣಾರೆ ಕಂಡವರೊಬ್ಬರನ್ನು ಕೂರಿಸಿ ಕೇಳುವುದು, ಅವರು ಹೇಳಿದ್ದೇ ಕೊನೆ. ನನ್ನನ್ನು ಕರೆದರು. ಕಚ್ಚಿದ್ದು ಕೆಂಚನೇ ಆದರೆ ಹೊಳೆಯಾಚೆ ಬಿಟ್ಟುಬರುವುದೆಂದು ಆಗಲೇ ತೀರ್ಮಾನವಾಗಿತ್ತು.

"ಅವನು ಆಡ್ತಾನೆ ಕಣ್ರಪ್ಪ," ಎಂದಳು ಚೌಡಮ್ಮ. "ಮೊದ್ಲು ಬಗ್ಗಿ ನಮಸ್ಕಾರ ಹಾಕ್ತಾನೆ. ಕಚ್ಚೋ ನಾಯಿ ಎಲ್ಲಾದ್ರೂ ನಮಸ್ಕಾರ ಹಾಕಿ ಕಚ್ಚುತ್ತಾ?"

"ನಮಸ್ಕಾರ ಹಾಕ್ಕೊಂಡು ಬರೋರೇ ಕಣಮ್ಮ ಮೊದ್ಲು ಕಚ್ಚೋದು!" ಎಂದರು ಸಿದ್ದವೀರಪ್ಪ.

"ಪುರಿ ಪೊಟ್ಣ ಕಟ್ಟಿಕೊಡೋದೂ ಅವನೇನಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಕಟ್ಟೆಯೆಲ್ಲ ನಕ್ಕಿತು.

ಸಿದ್ದವೀರಪ್ಪನವರು ನನ್ನ ಕಡೆ ತಿರುಗಿದರು. "ನೀವು ಓದಿದೋರು, ಅಮ್ಮಾವ್ರೇ. ನಾಯಿ ಮರಿ ಕತ್ತಿಗೆ ಬಾಯಿ ಹಾಕಿದ್ದು ನೋಡಿದೀರಾ?"

ನಗು ಇನ್ನೂ ಆರಿರಲಿಲ್ಲ. ಬಾಗುವ ವಿಷಯ ತೆಗೆದರೆ ಆ ನಗು ನನ್ನತ್ತ ತಿರುಗುತ್ತದೆ ಎನಿಸಿತು.

"ನೋಡಿದ್ದೇನೆ," ಎಂದೆ.

"ಅದಕ್ಕೆ ಮುಂಚೆ ಏನ್ ಮಾಡ್ತಾನೆ ಅಂತ್ಲೂ ಹೇಳಿ, ತಾಯಿ," ಎಂದಳು ಚೌಡಮ್ಮ.

"ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇನೆ." ನನ್ನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಧ್ಯಾಹ್ನ ಇಬ್ಬರು ಗೋಣಿಚೀಲ ಹಿಡಿದು ಬಂದರು. ಕೆಂಚ ಅವರ ಮುಂದೆಯೂ ಒಮ್ಮೆ ಬಾಗಿತು.

ಹದಿನೈದು ದಿನಗಳ ನಂತರ ಮರಿಯ ಕತ್ತಿನಲ್ಲಿ ಅದೇ ಜಾಗದಲ್ಲಿ ಮತ್ತೆ ರಕ್ತ. ಹಿತ್ತಲಿನ ಮುಳ್ಳುತಂತಿಯೊಳಗೆ ಕತ್ತು ತೂರಿಸಿ ಸಿಕ್ಕಿಕೊಂಡಿದ್ದ ಅದನ್ನು ಸಿದ್ದವೀರಪ್ಪನವರೇ ಬಿಡಿಸಿದ್ದರು. ನನ್ನ ಕಿಟಕಿಯ ಮುಂದೆ ಬಂದು, "ತಂತಿ, ಅಮ್ಮಾವ್ರೇ," ಎಂದಷ್ಟೇ ಹೇಳಿದರು. ಆಮೇಲೆ ಎರಡು ದಿನ ಹೊಲಿಗೆ ನಿಲ್ಲಿಸಿ ಹೊಳೆಯಾಚೆ ಹುಡುಕಿದರು. ಕೆಂಚ ಸಿಗಲಿಲ್ಲ.

ನಾನು ಭಟ್ಟಿಗೆ ಹೋದೆ. ಚೌಡಮ್ಮ ಕಾದ ಮರಳಿನಲ್ಲಿ ಅಕ್ಕಿ ಆಡಿಸುತ್ತಿದ್ದಳು. "ಅದು ಬಾಗುತ್ತಿದ್ದುದನ್ನು ನಾನೂ ನೋಡಿದ್ದೆ," ಎಂದೆ.

"ಗೊತ್ತು, ತಾಯಿ." ಅವಳು ಕೈ ನಿಲ್ಲಿಸಲಿಲ್ಲ. "ಕಿಟಕೀಲಿ ನೀವು ಕೂತಿರ್ತಿದ್ದದ್ದು ನಂಗೂ ಕಾಣ್ತಿತ್ತಲ್ಲ."

ಅಂದು ಸಂಜೆ ಮರಿ ಭಟ್ಟಿಯ ಮುಂದೆ ಬಂದು ನಿಂತಿತು. ಕೆಂಚ ಮಲಗುತ್ತಿದ್ದ ಬೂದಿಯ ಗುಳಿ ಹಾಗೆಯೇ ಇತ್ತು. ಮರಿ ಮುಂಗಾಲುಗಳನ್ನು ಮಡಚಿ, ಎದೆಯನ್ನು ನೆಲಕ್ಕೆ ತಂದು, ಹಿಂಭಾಗವನ್ನು ಎತ್ತಿತು. ಮೇಯಲು ಅಲ್ಲಿ ಹುಲ್ಲಿರಲಿಲ್ಲ. ಗುಳಿಯತ್ತ ನೋಡುತ್ತ ಅದು ಹಾಗೆಯೇ ಕಾಯುತ್ತಿತ್ತು.