ನಾರಾಯಣಮ್ಮನ ಮ್ಯಾಗ್ನೆಟ್ಟು

ಕೊಡಿಗೇಹಳ್ಳಿಯ ನಾರಾಯಣಮ್ಮ ಪಾತ್ರೆ ಅಂಗಡಿಗೆ ಹೊರಟರೆ ಪರ್ಸಿನಲ್ಲಿ ದುಡ್ಡು ಇರುತ್ತದೋ ಇಲ್ಲವೋ, ಮ್ಯಾಗ್ನೆಟ್ಟಂತೂ ಇರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿರುವ ಮಾವಿನಹಣ್ಣಿನ ಬೊಂಬೆಯೇ ಅದು. ಪಾತ್ರೆಗೆ ಅಂಟಿದರೆ ಡೂಪ್ಲಿಕೇಟ್ ಸ್ಟೀಲು, ಅಂಟದಿದ್ದರೆ ಅಸಲಿ. ಹೋದ ಯುಗಾದಿಯಲ್ಲಿ ನಜೀರಣ್ಣನ ಅಂಗಡಿಯ ಅಕ್ಕಿ ಡಬ್ಬದ ಅಂಚಿಗೆ ಅದು ಮೆಲ್ಲಗೆ ಅಂಟಿತ್ತು. ಡಬ್ಬವನ್ನು ಗಲ್ಲಾದ ಮೇಲೆ ಕುಕ್ಕಿ, ನಾಲ್ಕು ಜನರೆದುರು ಆತನ ಮಾನ ಹರಾಜು ಹಾಕಿ ಬಂದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಮೊನ್ನೆ ಒಂದು ಸಂಜೆ ಮಗಳು ಸುಮಾ ಸೋಲದೇವನಹಳ್ಳಿಯ ಕಾಲೇಜಿನಿಂದ ಬಂದವಳೇ ಒಂದು ಕವರು ಸ್ಟೀಲು ತುಂಡುಗಳನ್ನು ಮೇಜಿನ ಮೇಲೆ ಸುರಿದು, ತಲೆ ಮೇಲೆ ಕೈ ಹೊತ್ತು ಕೂತಳು. ಎಲ್ಲವೂ ನೋಡಲು ಒಂದೇ ಥರ.

"ನನ್ನ ಪ್ರಾಜೆಕ್ಟ್ ಹಾಳಾಯ್ತಮ್ಮಾ. ಅರ್ಧದಷ್ಟು ತುಂಡುಗಳ್ನ ಲಿಕ್ವಿಡ್ ನೈಟ್ರೋಜನ್ನಲ್ಲಿ ಮುಳುಗಿಸಿ, ಆ ಚಳೀಲೇ ಮೇಲಿಂದ ಭಾರ ಬೀಳಿಸಿ ಹೊಡೆದಿದ್ದೆ. ಇನ್ನರ್ಧ ಮುಳುಗಿಸ್ದೆ ಹಾಗೇ ಹೊಡೆದಿದ್ದೆ. ಮುಳುಗಿಸಿದ್ದೇ ಜಾಸ್ತಿ ಗಟ್ಟಿ ಅಂತ ನಾಳೆ ಮಿಷಿನ್ನಲ್ಲಿ ಎಳೆದು ತೋರಿಸ್ಬೇಕು. ಫೋಟೋ ತೆಗೆಯೋಣ ಅಂತ ಅವಸರದಲ್ಲಿ ಎಲ್ಲಾ ಒಂದೇ ಕವರಿಗೆ ತುಂಬ್ದೆ. ಮಂಜು ಕರಗಿ ಸ್ಟಿಕರೆಲ್ಲಾ ಉದುರೋಗಿವೆ. ಯಾವುದು ಯಾವುದೋ!"

"ಎಳೆದಾಗ ಗಟ್ಟಿ ಬಂದಿದ್ದೇ ಮುಳುಗಿಸಿದ್ದು ಅಂತ ಯೋಳು."

"ಅದನ್ನೇ ತಾನೇ ಸಾಬೀತು ಮಾಡ್ಬೇಕಿರೋದು! ಗೈಡ್ ಬಾಲರಾಜು ಸರ್ ಉಗೀತಾರಷ್ಟೇ. ನೈಟ್ರೋಜನ್ನೂ ಖಾಲಿ. ಇನ್ನು ಮುಂದಿನ ವರ್ಷವೇ."

ಮಗಳ ಕಣ್ಣಲ್ಲಿ ನೀರು ಕಂಡು ನಾರಾಯಣಮ್ಮ ಏನೂ ತೋಚದೆ, ಸ್ಟೀಲಿನ ವಿಷಯದಲ್ಲಿ ತಮಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದರು. ಮಾವಿನಹಣ್ಣನ್ನು ಕಿತ್ತು ತಂದು ತುಂಡುಗಳ ಮೇಲೆ ಆಡಿಸಿದರು. ಒಂದು ಟಪ್ಪನೆ ಬಂದು ಅಂಟಿತು. ಪಕ್ಕದ್ದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಯಾರೋ ನಿಂಗೆ ಸರಿಯಾಗಿ ಟೋಪಿ ಆಕವ್ರೆ ಕಣೇ! ಅರ್ಧಕ್ಕರ್ಧ ಡೂಪ್ಲಿಕೇಟು!"

ಸುಮಾ ದಡಕ್ಕನೆ ಎದ್ದಳು. ಮ್ಯಾಗ್ನೆಟ್ಟನ್ನು ಕಿತ್ತುಕೊಂಡು ತುಂಡುಗಳನ್ನು ಎರಡು ಗುಡ್ಡೆ ಮಾಡಿದಳು. ಆಮೇಲೆ ಅಮ್ಮನನ್ನು ತಬ್ಬಿಕೊಂಡು ಕುಣಿದಳು.

"ಅಂಟೋದೇ ಮುಳುಗಿಸಿದ್ದಮ್ಮಾ! ಅಷ್ಟು ಚಳೀಲಿ ಹೊಡೆದ್ರೆ ಸ್ಟೀಲಿನ ಒಳಗಿನ ಜೋಡಣೆನೇ ಬದಲಾಗತ್ತೆ. ಗಟ್ಟಿನೂ ಆಗತ್ತೆ, ಮ್ಯಾಗ್ನೆಟ್ಟಿಗೂ ಅಂಟತ್ತೆ. ಓದಿದ್ದೆ, ಗಾಬರೀಲಿ ನೆನಪೇ ಆಗ್ಲಿಲ್ಲ."

"ಅಸಲಿ ಸ್ಟೀಲೂ ಅಂಟ್ತದಾ?"

"ಚಳಿ ಇಲ್ದಿದ್ರೆ ಒಂದೇಟು ಸಾಲಲ್ಲ, ಆದ್ರೆ ಜೋರಾಗಿ ಒತ್ತಿ ಬಗ್ಗಿಸಿದ ಕಡೆ ಸ್ವಲ್ಪ ಅಂಟತ್ತೆ. ಡಬ್ಬದ ಅಂಚಲ್ಲೆಲ್ಲಾ."

ನಾರಾಯಣಮ್ಮನ ಮುಖ ಸಣ್ಣಗಾಯಿತು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಸುಮಾಳ ಫೋನು ಬಂತು. "ಅಂಟಿದ್ದೆಲ್ಲಾ ಗಟ್ಟಿ ಬಂತಮ್ಮಾ! ನಿನ್ ಮಾವಿನಹಣ್ಣಲ್ಲೇ ಅಂಟಿಸಿ ತೋರಿಸ್ದೆ, ಸರ್ ಒಪ್ಕೊಂಡ್ರು!" ಆಗ ನಾರಾಯಣಮ್ಮ ನಜೀರಣ್ಣನ ಅಂಗಡಿಯ ಮೆಟ್ಟಿಲ ಮೇಲಿದ್ದರು. ಫೋನಿಗೆ ಲೊಚಕ್ಕನೆ ಮುತ್ತಿಟ್ಟು ಒಳಗೆ ಹೋದರು.

"ನಜೀರಣ್ಣ, ಆ ಅಕ್ಕಿ ಡಬ್ಬ ಇನ್ನೂ ಐತಾ? ಅದು ಅಸಲೀನೇಯ. ಅವತ್ತು ನಾನೇ ತಪ್ಪು ಮಾತಾಡ್ಬಿಟ್ಟೆ."

ನಜೀರಣ್ಣ ಅಟ್ಟದಿಂದ ಡಬ್ಬ ಇಳಿಸಿ, ಧೂಳು ಒರೆಸಿ, ಅಂಚನ್ನು ಅವರ ಕಡೆಗೇ ತಿರುಗಿಸಿ ಇಟ್ಟ.

"ಮೊದ್ಲು ಮ್ಯಾಗ್ನೆಟ್ ತೆಗೀರಿ ಅಕ್ಕ. ಆಮೇಲೆ ವ್ಯಾಪಾರ."

"ಎಲ್ಲೈತಣ್ಣ," ಎಂದರು ನಾರಾಯಣಮ್ಮ, "ಅದು ಕಾಲೇಜು ಸೇರ್ಕೊಂಡೈತೆ."